ಸಹಾಯ ಬೇಕು: ಯೆರಿಕೋ ಪಾಠಕ್ಕೆ ಮಗು ಕೇಳಿದ ಪ್ರಶ್ನೆ

ಹೋದ ವಾರ ಸಂಡೇ ಸ್ಕೂಲಿನಲ್ಲಿ, ಇಸ್ರಾಯೇಲ್ಯರು ಸುತ್ತು ಬಂದು ಕೊಂಬು ಊದಿದಾಗ ಯೆರಿಕೋ ಪಟ್ಟಣದ ಗೋಡೆ ಬಿದ್ದ ಬೈಬಲಿನ ಪಾಠ ಮಾಡಿದೆ. ಮಕ್ಕಳು ಕೊಂಬು ಊದುವ ಹಾಗೆ ಬಾಯಿಗೆ ಕೈಯಿಟ್ಟು ಬೆಂಚುಗಳ ಸುತ್ತ ಏಳು ಸುತ್ತು ಬಂದರು. ಆಮೇಲೆ ಎಂಟು ವರ್ಷದವಳೊಬ್ಬಳು, "ಟೀಚರ್, ಒಳಗಿದ್ದ ಪಾಪುಗಳು ಏನಾದವು?" ಅಂದಳು. ಊರೊಳಗಿದ್ದ ಚಿಕ್ಕವರು ದೊಡ್ಡವರೆಲ್ಲರನ್ನೂ ಕೊಂದರು ಅನ್ನುವ ಯೆಹೋಶುವ 6:21 ಗೊತ್ತಿದ್ದೂ ನನಗೆ ಮಾತೇ ಹೊರಡಲಿಲ್ಲ.

ವೈರಿಗಳನ್ನು ಪ್ರೀತಿಸಿರಿ ಅನ್ನುತ್ತದೆ ಮತ್ತಾಯ 5:44. ಹಳೆಯ ಒಡಂಬಡಿಕೆ ಯುದ್ಧ, ಹೊಸ ಒಡಂಬಡಿಕೆ ಶಾಂತಿ ಅಂತ ಸುಮ್ನೆ ಹೇಳೋಣವೆಂದರೆ, ಹಳೆಯದರಲ್ಲೇ 2 ಅರಸುಗಳು 6ರಲ್ಲಿ ಪ್ರವಾದಿ ಎಲೀಷ ಸೆರೆಸಿಕ್ಕ ವೈರಿಗಳಾದ ಅರಾಮ್ಯರಿಗೆ ಊಟ ಹಾಕಿಸಿ ಕಳಿಸುತ್ತಾನಲ್ವಾ? ಧರ್ಮೋಪದೇಶಕಾಂಡ 20 ಓದಿ ಗೊಂದಲ ಇನ್ನೂ ಜಾಸ್ತಿಯಾಯಿತು. ಯುದ್ಧಕ್ಕೆ ಹೋದಾಗ ದೂರದ ಊರಿಗೆ ಮೊದಲು ಸಂಧಿಯ ಮಾತು, ಯೆರಿಕೋ ಇದ್ದ ಕಾನಾನ್ ನಾಡಿನ ಊರುಗಳಿಗೆ ಅದೂ ಇಲ್ಲ. ಪಾಸ್ಟರನ್ನು ಕೇಳಿದೆ, ಕಾನಾನ್ಯರ ಪಾಪಕ್ಕೆ ತೀರ್ಪು ಅಂದರು. ಪಾಪುಗಳದ್ದೇನು ಪಾಪ?

ಈ ಭಾನುವಾರ ಆ ಮಗುವಿಗೆ ಸುಳ್ಳು ಹೇಳದೆ, ಹೆದರಿಸದೆ ಏನು ಉತ್ತರ ಕೊಡಲಿ?