ಐದು ಬಾಕ್ಸಿನ ಸಿನಿಮಾ, ಎರಡೇ ಬಾಕ್ಸಿನ ಮನೆ

ಈ ವಾರ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿರುವವರು ದಾವಣಗೆರೆಯಲ್ಲಿ ಆಂಪ್ಲಿಫೈಯರ್ ಕಟ್ಟುವ, ರಿಪೇರಿ ಮಾಡುವ ನಮ್ಮ ಗ್ರೂಪಿನ ಟೆಕ್ನಿಷಿಯನ್.

ಪ್ರಶ್ನೆ (ವಿದ್ಯಾನಗರ, ದಾವಣಗೆರೆ): ಸರ್, ನಮ್ಮಪ್ಪನ ಕಾಲದ ಸ್ಟೀರಿಯೊ ಆಂಪ್ಲಿಫೈಯರ್, ಎರಡು ದೊಡ್ಡ ಬಾಕ್ಸ್ ಇವೆ. ಕಂಪ್ಯೂಟರಿನಿಂದ ವೈರ್ ಕೊಟ್ಟು ಸಿನಿಮಾ ನೋಡುತ್ತೇವೆ. 5.1 ಅಂತ ಇರುವ ಫೈಲ್ ಹಾಕಿದರೆ ಹಾಡು, ಫೈಟು ಎಲ್ಲ ಗಡಗಡ ಅನ್ನುತ್ತದೆ, ಮಾತು ಮಾತ್ರ ಬಾವಿಯೊಳಗಿಂದ ಬಂದ ಹಾಗೆ. ಅಮ್ಮ ಆಂಪ್ಲಿಫೈಯರ್ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡುಬಿಟ್ಟಿದ್ದಾರೆ, ಮಾತು ಬಂದರೆ ಏರಿಸೋದು, ಹಾಡು ಬಂದರೆ ಇಳಿಸೋದು. 5.1 ಸೆಟ್ ತಗೋ ಅಂತ ಎಲ್ಲರೂ ಹೇಳುತ್ತಾರೆ. ಎರಡು ಬಾಕ್ಸಲ್ಲಿ ಆಗೋದೇ ಇಲ್ವಾ?

ಉತ್ತರ: ದುಡ್ಡು ಜೇಬಲ್ಲೇ ಇರಲಿ. ಮೊದಲು ಒಂದು ಹೇಳಿ, ಕಂಪ್ಯೂಟರ್ ಹಿಂದೆ ಎಷ್ಟು ತೂತು ಇವೆ, ವೈರ್ ಯಾವುದಕ್ಕೆ ಚುಚ್ಚಿದ್ದೀರಿ?

ವಿದ್ಯಾನಗರ: ಐದಾರು ಇವೆ ಸರ್. ಹಸಿರಿಗೆ ಹಾಕಿದ್ದೇನೆ. ಕಪ್ಪು, ಕಿತ್ತಳೆ ಖಾಲಿ ಇವೆ.

ಉತ್ತರ: ಹಾಗಾದ್ರೆ ನಿಮ್ಮ ಹೀರೊ ಕಿತ್ತಳೆ ತೂತಿನಲ್ಲಿ ಕೂತು ಮಾತಾಡುತ್ತಿದ್ದಾನೆ.

5.1 ಅಂದರೆ ಆರು ಬೇರೆ ಬೇರೆ ದಾರಿ. ಮುಂದೆ ಎಡ, ಬಲ, ನಡುವೆ ಸೆಂಟರ್, ಹಿಂದೆ ಎರಡು ಸರೌಂಡ್, ಮತ್ತೆ ಬರೀ ಗುಡುಗಿಗೆ ಅಂತಲೇ ಒಂದು. ಆ ಕೊನೆಯದೇ 'ಪಾಯಿಂಟ್ ಒನ್'. ಸಿನಿಮಾದಲ್ಲಿ ಮಾತು ಹೆಚ್ಚುಕಮ್ಮಿ ಪೂರ್ತಿ ಸೆಂಟರಿಗೇ ಇಟ್ಟಿರುತ್ತಾರೆ. ಹಸಿರು ತೂತಿನಲ್ಲಿ ಮುಂದಿನ ಎಡ ಬಲ ಬರುತ್ತದೆ, ಕಪ್ಪಿನಲ್ಲಿ ಹಿಂದಿನವು, ಕಿತ್ತಳೆಯಲ್ಲಿ ಸೆಂಟರ್ ಮತ್ತು ಸಬ್, ಅಂದರೆ ಆ ಗುಡುಗಿನ ದಾರಿ. ಕಂಪ್ಯೂಟರ್ ಜೋಡಿಸಿದವರು ಯಾರೋ ವಿಂಡೋಸ್‌ನಲ್ಲಿ 5.1 ಅಂತ ಒತ್ತಿಬಿಟ್ಟಿದ್ದಾರೆ. ಮನೆಯಲ್ಲಿ ಆರು ಬಾಕ್ಸ್ ಇದೆ ಅಂತ ಅದು ನಂಬಿಕೊಂಡು ಆರು ದಾರಿಗೂ ಹಂಚುತ್ತಿದೆ, ನೀವು ಕೇಳುತ್ತಿರುವುದು ಎರಡು ದಾರಿ ಮಾತ್ರ, ಮಾತಿನದ್ದು ಅಲ್ಪಸ್ವಲ್ಪ ಪ್ರತಿಧ್ವನಿ ಎಡ ಬಲಕ್ಕೂ ಸೋರಿರುವುದರಿಂದ ಬಾವಿಯೊಳಗಿನ ದನಿ ಆಗಿದೆ.

ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ, ಪ್ಲೇಬ್ಯಾಕ್‌ನಲ್ಲಿ ಸ್ಪೀಕರ್ ಆರಿಸಿ, ಕಾನ್ಫಿಗರ್ ಒತ್ತಿ, ಸ್ಟೀರಿಯೊ ಮಾಡಿ. ಅಷ್ಟೇ. ಇರೋದನ್ನ ಇದ್ದ ಹಾಗೆ ಮಷೀನಿಗೆ ಹೇಳಬೇಕು. ಎರಡೇ ಬಾಕ್ಸ್ ಅಂತ ಗೊತ್ತಾದರೆ ಅದೇ ಆರನ್ನು ಎರಡಕ್ಕೆ ಮಡಚುತ್ತದೆ. ಸೆಂಟರನ್ನು 3 ಡೆಸಿಬಲ್ ಇಳಿಸಿ ಎಡಕ್ಕೂ ಬಲಕ್ಕೂ ಸಮನಾಗಿ ಹಾಕುತ್ತದೆ, ನಡುವೆ ಕೂತವರಿಗೆ ಮಾತು ಟಿವಿಯಿಂದಲೇ ಬಂದ ಹಾಗೆ ಕೇಳುತ್ತದೆ. ಹಿಂದಿನ ಎಡವನ್ನು ಮುಂದಿನ ಎಡಕ್ಕೆ, ಬಲವನ್ನು ಬಲಕ್ಕೆ, ಅದೂ ಸ್ವಲ್ಪ ಇಳಿಸಿ. ಗುಡುಗಿನ ದಾರಿಯನ್ನು ಸಾಮಾನ್ಯವಾಗಿ ಬಿಟ್ಟೇಬಿಡುತ್ತಾರೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಹಾಡಿನ ಬೇಸ್ ಎಡ ಬಲದಲ್ಲೂ ಇದ್ದೇ ಇರುತ್ತದೆ.

ಇನ್ನೊಂದು. ಸ್ಟೀರಿಯೊ ಮಾಡಿದ ಮೇಲೆ ಒಟ್ಟು ಸೌಂಡ್ ಕಮ್ಮಿ ಆಯ್ತು ಅನ್ನಿಸಬಹುದು. ಮೂರು ದಾರಿ ಒಂದೇ ಕಡೆ ಕೂಡಿದಾಗ ಸೌಂಡ್ ಒಡೆಯಬಾರದು ಅಂತ ಪ್ಲೇಯರ್ ಎಲ್ಲವನ್ನೂ ಇಳಿಸಿರುತ್ತದೆ, ಕೆಲವದರಲ್ಲಿ 7 ಡೆಸಿಬಲ್ ಮೇಲೆಯೇ ಇಳಿಯುತ್ತದೆ. ಆಂಪ್ಲಿಫೈಯರ್ ಏರಿಸಿ, ಅದಿರೋದೇ ಅದಕ್ಕೆ.

ಪ್ರಶ್ನೆ (ನಿಟ್ಟುವಳ್ಳಿ, ದಾವಣಗೆರೆ): ಇಲ್ಲೇ ನನ್ನದೂ ಕೇಳುತ್ತೇನೆ ಅಣ್ಣ. ಟಿವಿಯ ಆಪ್ಟಿಕಲ್‌ನಿಂದ ಡಿಜಿಟಲ್ ಸೌಂಡನ್ನು ಮಾಮೂಲಿ ಸೌಂಡ್ ಮಾಡುವ ಒಂದು ಸಣ್ಣ ಡಬ್ಬಿ ಹಾಕಿ ಹಳೇ ಹೋಮ್ ಥಿಯೇಟರ್‌ಗೆ ಕೆಂಪು ಬಿಳಿ ವೈರ್ ಕೊಟ್ಟಿದ್ದೇನೆ. ಕೇಬಲ್ ಚಾನೆಲ್‌ಗೆ ಸರಿ ಬರುತ್ತದೆ, ಆ್ಯಪಲ್ಲಿ ಸಿನಿಮಾ ಹಾಕಿದರೆ ಒಮ್ಮೆ ಮೌನ, ಒಮ್ಮೆ ಕರ್ರ್ ಅನ್ನುತ್ತದೆ. ಡಬ್ಬಿ ಕೊಟ್ಟ ಅಂಗಡಿಯವನು ಟಿವಿನೇ ಹೋಗಿದೆ ಅಂದ.

ಉತ್ತರ: ಟಿವಿ ಹೋಗಿಲ್ಲ, ಡಬ್ಬಿಯೂ ಹೋಗಿಲ್ಲ. ಆ್ಯಪಿನ ಸಿನಿಮಾಕ್ಕೆ ಟಿವಿ ಡಾಲ್ಬಿ, ಅಂದರೆ ಒತ್ತಿ ಗಂಟು ಕಟ್ಟಿದ ಸೌಂಡ್ ಕಳಿಸುತ್ತಿದೆ, ಆ ಅಗ್ಗದ ಡಬ್ಬಿಗೆ ಪಿಸಿಎಂ, ಅಂದರೆ ಗಂಟು ಬಿಚ್ಚಿದ ಸಾದಾ ಡಿಜಿಟಲ್ ಸೌಂಡ್ ಬಿಟ್ಟು ಬೇರೆ ಭಾಷೆ ಬರಲ್ಲ. ಟಿವಿಯ ಸೌಂಡ್ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ ಅಂತ ಇರುತ್ತದೆ. ಆಟೊ, ಪಾಸ್‌ಥ್ರೂ, ಬಿಟ್‌ಸ್ಟ್ರೀಮ್ ಏನಿದ್ದರೂ ತೆಗೆದು ಪಿಸಿಎಂ ಮಾಡಿ. ಆಗ ಮಡಚುವ ಕೆಲಸ ಟಿವಿಯೇ ಮಾಡುತ್ತದೆ.

ಪ್ರಶ್ನೆ (ಹೊಳಲ್ಕೆರೆ): ಸರ್, ಅಟ್ಮಾಸ್ ಸೌಂಡ್‌ಬಾರ್ ತಗೊಂಡೆ, ಮೇಲಕ್ಕೆ ಮುಖ ಮಾಡಿದ ಸ್ಪೀಕರ್ ಇರೋದು. ಮಳೆ ತಲೆ ಮೇಲೆ ಸುರಿದ ಹಾಗೆ ಆಗುತ್ತೆ ಅಂದಿದ್ದರು. ಏನೂ ಆಗಲಿಲ್ಲ. ನಮ್ಮದು ಅಜ್ಜನ ಕಾಲದ ಜಂತಿ ಮನೆ.

ಉತ್ತರ: ಕಾರಣ ನೀವೇ ಬರೆದಿದ್ದೀರಿ. ಅಟ್ಮಾಸ್ ಅಂದರೆ ತಲೆ ಮೇಲಿಂದಲೂ ಸೌಂಡ್ ಬರಿಸುವ ಡಾಲ್ಬಿ ಪದ್ಧತಿ, 2012ರಲ್ಲಿ ಥಿಯೇಟರಿಗೆ ಬಂತು. ಅಲ್ಲಿ ನಿಜವಾಗಲೂ ಮೇಲ್ಗಡೆ ಸ್ಪೀಕರ್ ತೂಗು ಹಾಕಿರುತ್ತಾರೆ. ನಿಮ್ಮ ಸೌಂಡ್‌ಬಾರ್ ಸೌಂಡನ್ನು ಮೇಲ್ಛಾವಣಿಗೆ ಹೊಡೆದು ವಾಪಸ್ ಬೀಳಿಸಬೇಕು, ಕೇರಂ ಬೋರ್ಡಲ್ಲಿ ಸ್ಟ್ರೈಕರ್ ಅಂಚಿಗೆ ಬಡಿದು ತಿರುಗಿ ಬರುತ್ತಲ್ಲ, ಹಾಗೆ. ಅದಕ್ಕೆ ಸಪಾಟಾದ, ಗಟ್ಟಿ ಮೇಲ್ಛಾವಣಿ ಬೇಕು, ಎಂಟರಿಂದ ಹನ್ನೆರಡು ಅಡಿ ಎತ್ತರದೊಳಗೆ ಇದ್ದರೆ ಚೆನ್ನ. ಆರ್‌ಸಿಸಿ ಆದರೆ ನಡೆಯುತ್ತದೆ. ಜಂತಿ, ತೊಲೆ, ಅದರ ಮೇಲೆ ಮಣ್ಣು ಅಂದರೆ ಸೌಂಡ್ ಅಲ್ಲೇ ಚದುರಿ ಹೋಗುತ್ತದೆ. ಹೆಂಚಿನ ಇಳಿಜಾರು ಮಾಡಾದರೂ ಅಷ್ಟೇ, ಬೇರೆ ಯಾವುದೋ ಮೂಲೆಗೆ ಹೊಡೆಯುತ್ತದೆ.

ಆದರೆ ಅಟ್ಮಾಸ್ ವ್ಯರ್ಥ ಅಲ್ಲ. ಹಳೇ 5.1ನಲ್ಲಿ 'ಈ ಸೌಂಡ್ ಈ ಬಾಕ್ಸಿಗೆ' ಅಂತ ಬರೆದಿರುತ್ತದೆ. ಅಟ್ಮಾಸ್‌ನಲ್ಲಿ ಅದರ ಜೊತೆಗೆ 'ಈ ಹೆಲಿಕಾಪ್ಟರ್ ಈ ಜಾಗದಲ್ಲಿದೆ' ಅಂತಲೂ ಬರೆದಿರುತ್ತದೆ. ಎಷ್ಟು ಬಾಕ್ಸ್ ಇದೆ ನೋಡಿಕೊಂಡು ಮಷೀನು ಆ ಜಾಗವನ್ನು ಅಂದಾಜು ಮಾಡುತ್ತದೆ. ಎರಡೇ ಇದ್ದರೂ ಮಾತು, ಹಾಡು ಏನೂ ಬಿಟ್ಟುಹೋಗಲ್ಲ, ಎತ್ತರ ಮಾತ್ರ ಸಿಗಲ್ಲ. ಬಾರಿನ ಮೆನುವಿನಲ್ಲಿ ಹೈಟ್ ಸ್ಪೀಕರಿನ ಸೌಂಡ್ ಇಳಿಸಿ, ಸೆಂಟರ್ ಒಂದೆರಡು ಪಾಯಿಂಟ್ ಏರಿಸಿ ನೋಡಿ. ಅಜ್ಜನ ಮನೆಗೆ ಮಾತ್ರ ಕೈ ಹಚ್ಚಬೇಡಿ, ಬೇಸಿಗೆಯಲ್ಲಿ ಅದರ ತಂಪು ಯಾವ ಆರ್‌ಸಿಸಿಗೂ ಬರಲ್ಲ.

ಪ್ರಶ್ನೆ (ಚಿತ್ರದುರ್ಗ): ನನ್ನ ಹತ್ತಿರ ಸ್ಟೀರಿಯೊ ಸೆಟ್ ಜೊತೆ ಇನ್ನೆರಡು ಹಳೇ ಬಾಕ್ಸ್ ಸುಮ್ನೆ ಅಟ್ಟದ ಮೇಲೆ ಬಿದ್ದಿವೆ. ಡಿಕೋಡರ್ (ಸೌಂಡಿನ ದಾರಿಗಳನ್ನು ಬಿಡಿಸಿ ಕೊಡುವ ಡಬ್ಬಿ) ಇಲ್ಲದೆ ಹಿಂದೆ ಇಟ್ಟು ಸರೌಂಡ್ ಮಾಡೋಕೆ ಆಗುತ್ತಾ?

ಉತ್ತರ: ಆಗುತ್ತದೆ. ನನಗೆ ತುಂಬ ಇಷ್ಟದ ಕೆಲಸ ಇದು. ಅಮೆರಿಕದ ಡೇವಿಡ್ ಹಾಫ್ಲರ್ ಅನ್ನೋ ಆಂಪ್ಲಿಫೈಯರ್ ಎಂಜಿನಿಯರ್ 1970ರ ಸುಮಾರಿಗೆ ಜನಪ್ರಿಯ ಮಾಡಿದ ವೈರಿಂಗು. ಮುಂದಿನ ಎರಡು ಬಾಕ್ಸ್ ಹೇಗಿವೆಯೋ ಹಾಗೇ ಇರಲಿ. ಹಿಂದಿನ ಎರಡನ್ನು ಸೀರೀಸ್ ಮಾಡಿ, ಅಂದರೆ ಇವೆರಡರ ಮೈನಸ್‌ಗಳನ್ನು ಒಂದಕ್ಕೊಂದು ಸೇರಿಸಿ ಅಲ್ಲೇ ಬಿಟ್ಟುಬಿಡಿ. ಉಳಿದ ಎರಡು ಪ್ಲಸ್‌ನಲ್ಲಿ ಒಂದನ್ನು ಆಂಪ್ಲಿಫೈಯರಿನ ಎಡ ಪ್ಲಸ್‌ಗೆ, ಇನ್ನೊಂದನ್ನು ಬಲ ಪ್ಲಸ್‌ಗೆ ಕೊಡಿ. ಆಂಪ್ಲಿಫೈಯರಿನ ಮೈನಸ್ಸಿಗೆ ಹಿಂದಿನ ಬಾಕ್ಸಿನ ಯಾವ ವೈರೂ ಹೋಗಬಾರದು.

ಏನಾಗುತ್ತದೆ ಅಂದರೆ, ಎಡ ಬಲ ಎರಡರಲ್ಲೂ ಒಂದೇ ಥರ ಇರುವ ಸೌಂಡಿಗೆ ಎರಡು ಪ್ಲಸ್ ನಡುವೆ ವ್ಯತ್ಯಾಸವೇ ಇಲ್ಲ, ಹಾಗಾಗಿ ಹಿಂದೆ ಕರೆಂಟ್ ಹರಿಯಲ್ಲ. ಗಾಯಕನ ದನಿ, ಸಿನಿಮಾದ ಮಾತು ಮುಂದೆಯೇ ಉಳಿಯುತ್ತದೆ. ಚಪ್ಪಾಳೆ, ಮಳೆ, ಸಭಾಂಗಣದ ಗುಂಗು ಎರಡೂ ಕಡೆ ಬೇರೆ ಬೇರೆ ಇರುತ್ತದಲ್ಲ, ಅದಷ್ಟೇ ಹಿಂದೆ ಬರುತ್ತದೆ. ಹಳೇ ಸಂಗೀತ ಕಚೇರಿಯ ಲೈವ್ ರೆಕಾರ್ಡಿಂಗ್ ಹಾಕಿ ನೋಡಿ, ಜನ ನಿಮ್ಮ ಬೆನ್ನ ಹಿಂದೆ ಕೂತು ಕೆಮ್ಮುತ್ತಾರೆ. ಡಿಸ್ಕ್ ಪ್ಲೇಯರ್ ಇದ್ದು, ಆರನ್ನು ಎರಡಕ್ಕೆ ಮಡಚುವ ಡೌನ್‌ಮಿಕ್ಸ್‌ನಲ್ಲಿ ಸ್ಟೀರಿಯೊ, ಸರೌಂಡ್ ಅಂತ ಎರಡು ಆಯ್ಕೆ ಇದ್ದರೆ ಇದಕ್ಕೆ ಸರೌಂಡ್ ಹಾಕಿ, ಹಿಂದಿನ ಸೌಂಡನ್ನು ಅದು ಎಡ ಬಲದಲ್ಲಿ ಒಂದಕ್ಕೊಂದು ಉಲ್ಟಾ ಮಾಡಿ ಅಡಗಿಸಿರುತ್ತದೆ, ಈ ವೈರಿಂಗಿನಲ್ಲಿ ಅದು ಹಿಂದಕ್ಕೇ ಹೋಗುತ್ತದೆ.

ಈಗ ಎಚ್ಚರಿಕೆ, ದಯವಿಟ್ಟು ಪೂರ್ತಿ ಓದಿ. ನಾಲ್ಕೂ ಬಾಕ್ಸ್ 8 ಓಮ್ ಇರಲಿ, ಆಂಪ್ಲಿಫೈಯರ್ 4 ಓಮ್ ತಡೆಯುವಂಥದ್ದಿರಲಿ. 4 ಓಮ್ ಬಾಕ್ಸ್ ಹಾಕಿದರೆ ಲೋಡ್ 2 ಓಮ್‌ವರೆಗೂ ಇಳಿಯಬಹುದು, ಓಮ್ ಇಳಿದಷ್ಟೂ ಆಂಪ್ಲಿಫೈಯರಿಗೆ ಭಾರ ಜಾಸ್ತಿ. ಎರಡನೆಯದು, ಬ್ರಿಡ್ಜ್ ಮಾಡಿದ, ಅಂದರೆ ಒಂದೇ ಬಾಕ್ಸಿನ ಪ್ಲಸ್ಸನ್ನೂ ಮೈನಸ್ಸನ್ನೂ ಎರಡು ಆಂಪ್ಲಿಫೈಯರ್ ಸೇರಿ ನಡೆಸುವ ಸೆಟ್ಟಿಗೆ ಇದನ್ನು ಮಾಡಲೇಬೇಡಿ. ಈಗ ಸಿಗುವ ಸಣ್ಣ ಕ್ಲಾಸ್ ಡಿ ಆಂಪ್ಲಿಫೈಯರ್ ಬೋರ್ಡುಗಳು ಬಹಳಷ್ಟು ಹಾಗೇ ಇವೆ, 4440 ಅನ್ನೋ ಆಂಪ್ಲಿಫೈಯರ್ ಐಸಿ ಹಾಕಿದ ಸೆಟ್‌ಗಳಲ್ಲೂ ಬ್ರಿಡ್ಜ್ ಕಟ್ಟಿರುವುದು ಉಂಟು. ಅದರಲ್ಲಿ ಮೈನಸ್ ಅಂದರೆ ಗ್ರೌಂಡ್ ಅಲ್ಲ. ನಾನೇ ಕಲಿಯುವ ಕಾಲದಲ್ಲಿ ಎರಡೂ ಮೈನಸ್ ಒಂದೇ ಅಂದುಕೊಂಡು ಒಂದು ಬೋರ್ಡಿನಲ್ಲಿ ಸೇರಿಸಿದೆ. ಪಟ್ ಅಂತು, ಹೊಗೆ ಬಂತು, ಗಿರಾಕಿಗೆ ಹೊಸ ಬೋರ್ಡ್ ಹಾಕಿಕೊಟ್ಟೆ. ಸೆಟ್ಟನ್ನು ಪ್ಲಗ್ಗಿನಿಂದ ಕಿತ್ತು, ಬಾಕ್ಸುಗಳ ವೈರ್ ಬಿಚ್ಚಿ, ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಒಂದು ಕಡ್ಡಿ ಸ್ಪೀಕರ್ ಮೈನಸ್ಸಿಗೆ, ಇನ್ನೊಂದು ಇನ್‌ಪುಟ್ ಸಾಕೆಟ್ಟಿನ ಹೊರಗಿನ ಬಳೆಗೆ ಮುಟ್ಟಿಸಿ. ಎಡ ಬಲ ಎರಡರಲ್ಲೂ ಬೀಪ್ ಅಂದರೆ ಮಾಡಬಹುದು. ಅನ್ನಲಿಲ್ಲ ಅಂದರೆ ಬಾಕ್ಸುಗಳು ಅಟ್ಟದ ಮೇಲೆಯೇ ಇರಲಿ.

ವಿದ್ಯಾನಗರ: ಸರ್, ಸ್ಟೀರಿಯೊ ಮಾಡಿದೆ. ಮಾತು ಬಂತು! ಆದರೆ ಫೈಟ್ ಬಂದರೆ ಈಗಲೂ ಜೋರೇ. ಅಮ್ಮನ ಕುರ್ಚಿ ಒಂದಡಿ ಮಾತ್ರ ಹಿಂದೆ ಹೋಗಿದೆ.

ಉತ್ತರ: ಅದು ತಪ್ಪಲ್ಲ, ಥಿಯೇಟರಿಗೆ ಮಿಕ್ಸ್ ಮಾಡುವಾಗ ಪಿಸುಮಾತಿಗೂ ಸ್ಫೋಟಕ್ಕೂ ಅಷ್ಟು ಅಂತರ ಬೇಕು ಅಂತಲೇ ಇಡುತ್ತಾರೆ. ಮನೆಯಲ್ಲಿ ಫ್ಯಾನು, ಮಿಕ್ಸರು, ಹೊರಗಡೆ ಆಟೊ. ವಿಎಲ್‌ಸಿ ಪ್ಲೇಯರಿನಲ್ಲಿ ನೋಡುತ್ತಿದ್ದರೆ ಎಫೆಕ್ಟ್ಸ್ ಒಳಗೆ ಆ ಅಂತರ ಕಮ್ಮಿ ಮಾಡುವ ಕಂಪ್ರೆಸರ್ ಇದೆ, ಆನ್ ಮಾಡಿ. ಟಿವಿ, ಸೌಂಡ್‌ಬಾರುಗಳಲ್ಲಿ ಇದನ್ನೇ ನೈಟ್ ಮೋಡ್ ಅನ್ನುತ್ತಾರೆ. ಹಾಡು ಕೇಳುವಾಗ ಮಾತ್ರ ಮರೆಯದೆ ಆಫ್ ಮಾಡಿ, ಇಲ್ಲಾಂದ್ರೆ ತಬಲಾ ಚಪ್ಪೆ ಆಗುತ್ತದೆ.

ವಿದ್ಯಾನಗರ: ಆನ್ ಮಾಡಿದೆ ಸರ್. ಕುರ್ಚಿ ಸೋಫಾ ಪಕ್ಕಕ್ಕೆ ವಾಪಸ್ ಬಂತು.