ಸಹಾಯ ಬೇಕು: ಬದಿಯಡ್ಕ ಹತ್ತಿರ ಮನೆಗೆ ಬಂದು ಪಾಠ ಹೇಳುವವರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿದೆ. ಅಕ್ಕನ ಮೂವರು ಮಕ್ಕಳು ನಮ್ಮಲ್ಲೇ ಇದ್ದು ಕಲಿಯುತ್ತಿದ್ದಾರೆ. ಕೇರಳ ಸಿಲೆಬಸ್. ದೊಡ್ಡವಳು ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು ಈಗ ಪ್ಲಸ್ ವನ್ (ಹನ್ನೊಂದನೇ ಕ್ಲಾಸು) ಸೈನ್ಸ್, ಎಲ್ಲ ಇಂಗ್ಲಿಷಿನಲ್ಲಿ. ಹುಡುಗ ಹತ್ತನೇ ಕ್ಲಾಸು, ಚಿಕ್ಕವಳು ಎಂಟನೇ ಕ್ಲಾಸು.

ಹೋದ ವರ್ಷ ಹುಡುಗನನ್ನು ಟ್ಯೂಷನ್‌ಗೆ ಕಳಿಸಿದ್ದೆವು. ಅಲ್ಲಿ ಪಾಠ ಪೂರಾ ಮಲಯಾಳದಲ್ಲಿ. ಸುಮ್ನೆ ತಲೆಯಾಡಿಸಿ ಬರುತ್ತಿದ್ದ. ಒಂದು ದಿನ ಲೆಕ್ಕ ಕೇಳಿದಾಗ ಅತ್ತೇಬಿಟ್ಟ. ಮಾರ್ಚ್‌ನಲ್ಲಿ ಅವನಿಗೆ ಎಸ್ಎಸ್ಎಲ್‌ಸಿ ಅಲ್ವಾ, ನನಗೆ ಆ ಚಿಂತೆಯೇ ಜಾಸ್ತಿ.

ಗಣಿತ, ಫಿಸಿಕ್ಸ್ ಕನ್ನಡದಲ್ಲೇ ಬಿಡಿಸಿ ಹೇಳುವವರು ಬೇಕು. ಬಿ.ಎಡ್. ಮುಗಿಸಿದವರು, ನಿವೃತ್ತ ಮಾಸ್ಟ್ರು, ಯಾರಾದರೂ ಸರಿ. ವಾರಕ್ಕೆ 4 ದಿನ, ಸಂಜೆ 5ರಿಂದ 7. ಸಂಬಳ ಮೂವರ ಲೆಕ್ಕದಲ್ಲೇ ಕೊಡುತ್ತೇವೆ. ಅಕ್ಕನ ಮಾರ್ಕು ತೋರಿಸಿ ತಮ್ಮನನ್ನು ಹಳಿಯಬಾರದು, ಅಷ್ಟೇ. ಗೊತ್ತಿದ್ದವರು ದಯವಿಟ್ಟು ಮೆಸೇಜ್ ಮಾಡಿ.