‘ಟೈಮ್ ಇಲ್ಲ ಮೇಡಂ’ ಅನ್ನುವ ಹುಡುಗಿಯರ ವ್ಯಾಯಾಮ: ಪ್ರಶ್ನೋತ್ತರ

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ, ಕಲಬುರಗಿ): ನಮಸ್ಕಾರ ಮೇಡಂ. ನಾನು ಹಾಸ್ಟೆಲ್‌ನಲ್ಲಿ ಇದ್ದೇನೆ. ಪಿಯುಸಿ ತನಕ ಖೋಖೋ ಆಡುತ್ತಿದ್ದೆ, ತಾಲೂಕು ಮಟ್ಟಕ್ಕೂ ಹೋಗಿದ್ದೆ. ಡಿಗ್ರಿಗೆ ಬಂದ ಮೇಲೆ ಎಲ್ಲ ನಿಂತುಹೋಯಿತು. ಈಗ ಎರಡು ಮಹಡಿ ಹತ್ತಿದರೆ ಏದುಸಿರು. ಗೆಳತಿಯರೆಲ್ಲ ಸೇರಿ ‘ನಾಳೆಯಿಂದ ವಾಕಿಂಗ್’ ಅಂತೇವೆ, ವಾರ ತುಂಬುವುದರೊಳಗೆ ಬಿಡುತ್ತೇವೆ. ಇದು ನಮ್ಮ ಸೋಮಾರಿತನವೇ?

ಉತ್ತರ (ದೈಹಿಕ ಶಿಕ್ಷಣ ಉಪನ್ಯಾಸಕಿ): ಅಲ್ಲವೇ ಅಲ್ಲ ತಂಗಿ. ಸೋಮಾರಿಯಾಗಿದ್ದರೆ ನೀನು ತಾಲೂಕು ಮಟ್ಟಕ್ಕೆ ಹೋಗುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜು ನೋಡು. ನಮ್ಮ ದೇಶದಲ್ಲಿ ಬೇಕಾದಷ್ಟು ಮೈ ದಣಿಸದ ಗಂಡಸರು ಶೇ. 42, ಹೆಂಗಸರು ಶೇ. 57. ಹೆಂಗಸರೆಲ್ಲ ಸೋಮಾರಿಗಳಾಗಿ ಈ ಅಂತರ ಬಂದಿಲ್ಲ.

ಮೈದಾನದಲ್ಲಿ ನಾನು ಕಂಡದ್ದು ಹೇಳ್ತೇನೆ. ಹುಡುಗಿ ಸಂಜೆ ಮೊದಲ ಸಲ ಬರ್ತಾಳೆ. ಚೂಡಿದಾರ, ಎರಡೂ ಭುಜಕ್ಕೆ ಪಿನ್ ಹಾಕಿದ ದುಪಟ್ಟಾ, ಕಾಲಲ್ಲಿ ಚಪ್ಪಲಿ. ನಡುವೆ ಹುಡುಗರ ಕ್ರಿಕೆಟ್ ನಡೆದಿರುತ್ತೆ, ಇವಳು ಕಂಪೌಂಡ್ ಗೋಡೆಗೆ ಒತ್ತಿಕೊಂಡು ನಡೀತಾಳೆ. ಚೆಂಡು ಇವಳತ್ತ ಉರುಳುತ್ತೆ, ಯಾರೋ ಸಿಳ್ಳೆ ಹಾಕ್ತಾರೆ, ನಾಲ್ಕು ಜನ ನಗ್ತಾರೆ. ಮರುದಿನ ಅವಳಿಲ್ಲ. ಕೇಳಿದರೆ ‘ಟೈಮ್ ಇಲ್ಲ ಮೇಡಂ’ ಅಂತಾಳೆ. ಆ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ನೋಡುವ ಕಣ್ಣುಗಳಿಗೆ ಅಂಜಿ ಬಿಟ್ಟವರೇ ಜಾಸ್ತಿ.

ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸರಿಯಾದ ಒಳಉಡುಪು ಇಲ್ಲದೆ ಓಡಿದರೆ ಎದೆ ನೋಯುತ್ತೆ. ನಾಚಿಕೆ ಬೇಡ, ಶೂಗಿಂತ ಮೊದಲು ಒಂದು ಸ್ಪೋರ್ಟ್ಸ್ ಬ್ರಾ ತಗೋ.

ಏದುಸಿರಿಗೆ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸು. 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ಇದು ಇತ್ತು. ರಕ್ತ ಕಡಿಮೆಯಾಗಿ ಸುಸ್ತಾಗುವ ಹುಡುಗಿಗೆ ‘ಮನಸ್ಸು ಗಟ್ಟಿ ಮಾಡು’ ಅನ್ನುವುದು ಅನ್ಯಾಯ. ಡಾಕ್ಟರಿಗೆ ತೋರಿಸು. ಊಟದ ಜೊತೆ ಚಹಾ ಬೇಡ, ಅದು ಕಬ್ಬಿಣದ ಅಂಶ ಮೈಗೆ ಹತ್ತದಂತೆ ಮಾಡುತ್ತೆ. ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೋ.

ಅದೇ ವಿದ್ಯಾರ್ಥಿನಿ: ಮೇಡಂ, ಸಿಳ್ಳೆಯ ಮಾತು ನಿಜ. ಹಾಗಾದರೆ ಬಿಡದೆ ಬರುವವರು ಯಾರು?

ಉತ್ತರ: ಜೊತೆ ಇದ್ದವರು. ಒಬ್ಬಳೇ ಬಂದವಳು ಬೇಗ ಬಿಡ್ತಾಳೆ, ಐದಾರು ಜನ ಒಟ್ಟಿಗೆ ಬಂದರೆ ಆ ಮೈದಾನ ಅವರದ್ದೂ ಆಗುತ್ತೆ. ಇನ್ನೊಂದು ನೋಡಿದ್ದೇನೆ. ಸಣ್ಣಗಾಗಬೇಕು ಅಂತ ಬಂದವರು ತೂಕ ಇಳಿಯದಿದ್ದರೆ ಬೇಜಾರಾಗಿ ನಿಲ್ಲಿಸ್ತಾರೆ. ಆಟಕ್ಕೆ ಬಂದವರು ಉಳೀತಾರೆ. ನಿನಗೆ ಖೋಖೋ ಗೊತ್ತಿದೆ, ವಾಕಿಂಗ್ ಯಾಕೆ? ಗೆಳತಿಯರಿಗೆ ಅದನ್ನೇ ಕಲಿಸು. ವಾರಕ್ಕೆ 150 ನಿಮಿಷ ಸಾಕು, ಅಂದರೆ ಐದು ದಿನ ಅರ್ಧರ್ಧ ಗಂಟೆ. ಏಪ್ರಿಲ್-ಮೇನಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತೆ, ಹಾಗಾಗಿ ಬೆಳಗಿನ ಹೊತ್ತೇ ಒಳ್ಳೆಯದು. ಮತ್ತೆ ಎಲ್ಲರೂ ಸಹಿ ಮಾಡಿ ಒಂದು ಅರ್ಜಿ ಕೊಡಿ: ದಿನಕ್ಕೆ ಒಂದು ಗಂಟೆ ಮೈದಾನ ಹುಡುಗಿಯರಿಗೆ ಮಾತ್ರ, ಆ ಹೊತ್ತು ಒಬ್ಬ ಲೇಡಿ ಟೀಚರ್ ಅಲ್ಲಿರಬೇಕು. ಕೇಳುವುದು ನಿಮ್ಮ ಹಕ್ಕು.

ಪ್ರಶ್ನೆ (ಬಿ.ಎ. ವಿದ್ಯಾರ್ಥಿನಿ, ಆಳಂದ ತಾಲೂಕು): ನಾನು ದಿನಾ ಬಸ್ಸಿಗೆ ಬಂದು ಹೋಗುವವಳು ಮೇಡಂ. ಮನೆಗೆ ಹೋದರೆ ಅವ್ವ ‘ರೊಟ್ಟಿ ಬಡಿ, ಅದೇ ವ್ಯಾಯಾಮ’ ಅಂತಾಳೆ.

ಉತ್ತರ: ಅವ್ವನ ಮಾತು ಸುಳ್ಳಲ್ಲ. ಜೋಳದ ರೊಟ್ಟಿ ಬಡಿದರೆ ರಟ್ಟೆಗೆ ಕೆಲಸ ಆಗುತ್ತೆ. ಆದರೆ ಎದೆಬಡಿತ ಏರಿ ಉಸಿರು ಜೋರಾಗುವ ಕೆಲಸ ಅದಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ದುಡ್ಡು ಉಳಿಯಿತು, ಬಸ್ಸಲ್ಲಿ ನಿಂತು ಬರುವ ದಣಿವು ಹಾಗೇ ಇದೆ. ಅದಕ್ಕೇ ಮನೆಗೆ ಹೋದ ಮೇಲೆ ಮಾಡ್ತೇನೆ ಅನ್ನಬೇಡ. ಕಾಲೇಜಿನಲ್ಲೇ, ಕ್ಲಾಸು ಇಲ್ಲದ ಪಿರಿಯಡ್‌ನಲ್ಲಿ ಮುಗಿಸಿಬಿಡು. ಒಂದು ಖಾಲಿ ರೂಮು, ಒಂದು ಸ್ಕಿಪ್ಪಿಂಗ್ ಹಗ್ಗ ಇದ್ದರೆ ಆಯಿತು. ಮುಟ್ಟಿನ ದಿನವೂ ಮಾಡಬಹುದು. ನೋವು ಜಾಸ್ತಿ ಇದ್ದರೆ ಸುಮ್ನೆ ಮಲಗು, ತಪ್ಪೇನಿಲ್ಲ.

ಪ್ರಶ್ನೆ (ಒಬ್ಬ ತಂದೆ, ಯಾದಗಿರಿ): ಮೇಡಂ, ರಜೆಗೆ ಬಂದಾಗ ಮಗಳು ನಸುಕಿನಲ್ಲಿ ಓಡಲು ಹೋಗ್ತೀನಿ ಅಂತಾಳೆ. ಕತ್ತಲಲ್ಲಿ ಕಳಿಸಲು ಭಯ. ಬೇಡ ಅಂದಿದ್ದೇನೆ.

ಉತ್ತರ: ನಿಮ್ಮ ಭಯ ಅರ್ಥವಾಗುತ್ತೆ ಸರ್. ಆದರೆ ಬೇಡ ಅನ್ನಬೇಡಿ. ಹೊತ್ತು ಮೂಡಿದ ಮೇಲೆ ಹೋಗಲಿ, ಓಣಿಯ ಇನ್ನಿಬ್ಬರು ಹುಡುಗಿಯರನ್ನೂ ಕರೆಯಲಿ. ಮೊದಲ ಒಂದು ವಾರ ನೀವೇ ಜೊತೆಗೆ ಹೋಗಿ. ಅಪ್ಪ ಜೊತೆಗಿದ್ದಾರೆ ಅಂತ ಓಣಿಯವರು ಕಂಡರೆ ಆಡಿಕೊಳ್ಳುವವರ ಬಾಯಿ ಅರ್ಧ ಮುಚ್ಚುತ್ತೆ. ಬರುವ ರಜೆಗೆ ಅವಳಿಗೊಂದು ಒಳ್ಳೆಯ ಶೂ ಕೊಡಿಸಿ ಸರ್.